ಪಕ್ಕದಲ್ಲಿ ನಿಂತವರು

ಸಂಗ್ಯಾ ಬಾಳ್ಯಾ ಆಟದಲ್ಲಿ ಸಂಗ್ಯಾನ ಮೇಲೆ ನನಗೆ ಎಂದೂ ಮಮತೆ ಹುಟ್ಟಲಿಲ್ಲ. ಬೈಲಹೊಂಗಲದ ಆ ಸಿರಿವಂತ ಹುಡುಗ ಗಂಗಿಯನ್ನು ಕಂಡು ಮರುಳಾಗುತ್ತಾನೆ, ಅವಳ ಗಂಡ ಈರ್ಯಾ ವ್ಯಾಪಾರಕ್ಕೆಂದು ಊರು ಬಿಟ್ಟಾಗ ಆ ಮನೆಯ ಬಾಗಿಲು ತಟ್ಟುತ್ತಾನೆ, ಕೊನೆಗೆ ಈರ್ಯಾ ಮತ್ತು ಅವನ ತಮ್ಮಂದಿರ ಕೈಯಲ್ಲಿ ಸಾಯುತ್ತಾನೆ. ಮಾಡಿದ್ದುಣ್ಣೋ ಮಹರಾಯ ಎಂದು ಆಟ ನೋಡಿದವರು ಮೈ ಕೊಡವಿಕೊಂಡು ಏಳುತ್ತಾರೆ. ನನ್ನ ಕಣ್ಣೆಲ್ಲ ಬಾಳ್ಯಾನ ಮೇಲೆ. ಗೆಳೆಯನಿಗೆ ಮೊದಲು ಬುದ್ಧಿ ಹೇಳುವವನೂ ಅವನೇ, ಆಮೇಲೆ ಮುದುಕಿ ಪಾರಮ್ಮನನ್ನು ಹಿಡಿದು ದಾರಿ ಮಾಡಿಕೊಡುವವನೂ ಅವನೇ, ಕಡೆಗೆ ದುಡ್ಡಿನ ಆಸೆಗೆ ಬಿದ್ದು ಅದೇ ಗೆಳೆಯನನ್ನು ಕೊಲ್ಲುವವರ ಕೈಗೆ ಒಪ್ಪಿಸುವವನೂ ಅವನೇ. ಒಂದೇ ರಾತ್ರಿಯಲ್ಲಿ ಒಬ್ಬ ಮನುಷ್ಯ ಇಷ್ಟು ಮಗ್ಗುಲು ಬದಲಿಸುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ.

ನೋಡಿದ್ದು ಜತ್ತ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಆಯಿಯ ತವರಿನಲ್ಲಿ. ಜಿಲ್ಲೆ ಸಾಂಗಲಿ, ರಾಜ್ಯ ಮಹಾರಾಷ್ಟ್ರ, ಆಡುವ ಮಾತು ಕನ್ನಡ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋಗಿ ಬಂದವರು ಇದನ್ನೆಲ್ಲ ಬಿಡಿಸಿ ಹೇಳದೆಯೂ ಬಲ್ಲರು. ಸಣ್ಣಾಟಕ್ಕೆ ರಂಗಸಜ್ಜಿಕೆ ಅಂತ ಏನೂ ಇರಲಿಲ್ಲ. ಒಂದು ಹಂದರ, ಎರಡು ಗ್ಯಾಸ್‌ಬತ್ತಿ, ಹಿಂದೆ ಸಾಲಾಗಿ ನಿಂತ ಹಿಮ್ಮೇಳ. ಬಾಳ್ಯಾನ ಪಾರ್ಟು ಮಾಡುತ್ತಿದ್ದವನು ಹಗಲು ಹೊತ್ತಿನಲ್ಲಿ ಎಸ್ಟಿ ಸ್ಟ್ಯಾಂಡಿನ ಬದಿಗೆ ಚಹಾದ ಅಂಗಡಿ ಇಟ್ಟವನು. ಗೆಳೆಯನನ್ನು ಕೊಲೆಯಾಗುವ ಜಾಗಕ್ಕೆ ಕರೆದೊಯ್ಯುವಾಗ ಅವನು ಸಂಗ್ಯಾನ ಮಾರಿ ನೋಡುತ್ತಿರಲಿಲ್ಲ. ರುಮಾಲಿನ ತುದಿ ಬಿಚ್ಚಿತೇನೋ ಎಂಬಂತೆ ಅದನ್ನೇ ಮತ್ತೆ ಮತ್ತೆ ಸಿಗಿಸಿಕೊಳ್ಳುತ್ತಿದ್ದ. ಬಿಚ್ಚಿರಲಿಲ್ಲ. ಹಾಡು ಸಂಗ್ಯಾನದು, ಹಿಮ್ಮೇಳ ಸಂಗ್ಯಾನದು, ಹೆಂಗಸರ ಕಣ್ಣೀರು ಸಂಗ್ಯಾನದು. ರುಮಾಲು ಮಾತ್ರ ಬಾಳ್ಯಾನದು. ನನಗೆ ಇವತ್ತಿಗೂ ಆ ಆಟದ ಒಂದು ಹಾಡೂ ಪೂರ್ತಿ ಬರುವುದಿಲ್ಲ, ಆ ಕೈ ಮಾತ್ರ ಕಣ್ಣಿಗೆ ಕಟ್ಟಿದೆ.

ಮರುದಿನ ನಮ್ಮೂರು ಮಿರಜಕ್ಕೆ ಹೊರಟಾಗ ಸ್ಟ್ಯಾಂಡಿನಲ್ಲಿ ನನಗೆ ಚಹಾ ಬೇಕೆನಿಸಿತು. ಆಯಿ ಸೆರಗು ಜಗ್ಗಿಕೊಂಡು ಆ ಕಡೆ ತಿರುಗಿ ನಿಂತಳು. ‘ಅವನ ಕೈಯಾನ ಚಾ ಇವತ್ತ ಬ್ಯಾಡ. ನಿನ್ನಿ ಅಂಥಾ ಗೆಣೆಯಾಗ ಎರಡ ಬಗದಾನ.’ ಅಂಗಡಿಯವ ಕೇಳಿಸಿಕೊಂಡು ನಕ್ಕ. ವರ್ಷಗಳ ಮೇಲೆ, ಮೀಸೆ ಬಂದ ಧೈರ್ಯದಲ್ಲಿ, ನೀವೇಕೆ ಸಂಗ್ಯಾನ ಪಾರ್ಟು ಮಾಡಲಿಲ್ಲ ಎಂದು ಅವನನ್ನು ಕೇಳಿದ್ದೆ. ‘ಸಂಗ್ಯಾಗ ಹಾಡು ಭಾಳ ಅದಾವ್ರಿ ತಮ್ಮಾ. ನನ್ನ ದನಿ ಒಡದದ. ಬಾಳ್ಯಾಗ ಮಾರಿ ಇದ್ರ ಸಾಕು’ ಎಂದ.

ಕತೆಯ ನಾಯಕರು ನನ್ನ ನೆನಪಿನಲ್ಲಿ ಬೇಗ ಬಣ್ಣಗೆಡುತ್ತಾರೆ. ಅವರ ಪಕ್ಕದಲ್ಲಿ, ಹಿಂದೆ, ಕೆಲವೊಮ್ಮೆ ಹೆಗಲ ಮೇಲೆ ಇದ್ದವರು ಉಳಿಯುತ್ತಾರೆ. ಇದು ನನ್ನ ಸ್ವಭಾವವೋ, ಗಡಿಯ ಊರಿನಲ್ಲಿ ಹುಟ್ಟಿದ್ದರ ಫಲವೋ ಹೇಳಲಾರೆ. ಹೆಗಲ ಮೇಲಿದ್ದವನೆಂದರೆ ಬೇತಾಳ. ಅವನು ನಮ್ಮ ಮನೆಗೆ ಬಂದದ್ದು ರೈಲಿನಲ್ಲಿ.

ಆಗಿನ ಮಿರಜ ಸ್ಟೇಷನ್ ನೋಡಬೇಕಿತ್ತು. ಬೆಂಗಳೂರು, ಹುಬ್ಬಳ್ಳಿಯಿಂದ ಬರುವ ಮೀಟರ್ ಗೇಜ್ ಅಲ್ಲಿಗೆ ಮುಗಿಯುತ್ತಿತ್ತು. ಪುಣೆಯ ಕಡೆಗೆ ಬ್ರಾಡ್ ಗೇಜ್ ಅಲ್ಲಿಂದ ಶುರು. ಇನ್ನೊಂದು ಬದಿಗೆ ಪಂಢರಪುರ, ಕುರ್ಡುವಾಡಿ, ಲಾತೂರಿನ ಕಡೆ ಹೋಗುವ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋ ಗೇಜ್. ಮೂರೂ ಅಳತೆಯ ಹಳಿ ಒಂದೇ ಊರಿನಲ್ಲಿ. ಎಲ್ಲರೂ ಇಳಿಯಲೇಬೇಕು, ಗಂಟುಮೂಟೆ ಹೊತ್ತು ಇನ್ನೊಂದು ಗಾಡಿ ಹತ್ತಲೇಬೇಕು. ಆ ಮೀಟರ್ ಗೇಜಿನಲ್ಲಿ ಸುಧಾ, ಪ್ರಜಾಮತ, ಹುಬ್ಬಳ್ಳಿಯ ಕಸ್ತೂರಿ, ಕರ್ಮವೀರ ಬರುತ್ತಿದ್ದವು. ಚಂದಮಾಮ ಕೂಡ. ಮನೆಯಲ್ಲಿ ಕಸ್ತೂರಿಯ ಕೊನೆಯ ಪುಸ್ತಕ ವಿಭಾಗ ಕಾಕಾನಿಗೆ, ಧಾರಾವಾಹಿ ಅವ್ವನಿಗೆ, ಚಂದಮಾಮ ನನಗೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಯಾರಿಗೂ ಅಲ್ಲ, ಆದರೆ ಅವನು ಹಾಸಿಗೆಯ ಸುರುಳಿಯೊಳಗೆ ಸದಾ ಇರುತ್ತಿದ್ದ.

ಪಕ್ಕದ ಮನೆಯ ಮರಾಠಿ ಹುಡುಗನಿಗೆ ಚಾಂದೋಬಾ ಬರುತ್ತಿತ್ತು. ಅದೂ ಚಂದಮಾಮವೇ, ಮದ್ರಾಸಿನ ಅದೇ ಅಚ್ಚುಮನೆಯದು. ಶಂಕರ್ ಬರೆದ ಅದೇ ಚಿತ್ರ: ಒಂದು ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದಲ್ಲಿ ಹೆಜ್ಜೆ ಹಾಕುವ ವಿಕ್ರಮ. ನಾವಿಬ್ಬರೂ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂಡುತ್ತಿದ್ದೆವು. ನಾನು ಕನ್ನಡ ಶಾಲೆಯ ನಾಲ್ಕನೇ ಇಯತ್ತೆಯವ. ಮುಂದೆ ಮರಾಠಿ ಹೈಸ್ಕೂಲಿಗೆ ಹೋಗುವವ. ದೇವನಾಗರಿ ನನಗೆ ಓಡಿಸಿಕೊಂಡು ಓದಲು ಬಂದದ್ದು ಮಾಸ್ತರರಿಂದಲ್ಲ, ಈ ಬೇತಾಳನಿಂದ. ಕತೆ ಮೊದಲೇ ಗೊತ್ತು, ಅಕ್ಷರ ತಾನಾಗಿ ಹಿಂದೆ ಬರುತ್ತಿತ್ತು.

ವಿಕ್ರಮ ಏನು ಮಾಡುತ್ತಾನೆ ಹೇಳಿ? ಮರ ಹತ್ತುತ್ತಾನೆ, ಹೆಣ ಇಳಿಸುತ್ತಾನೆ, ನಡೆಯುತ್ತಾನೆ, ಉತ್ತರ ಹೇಳುತ್ತಾನೆ, ಮತ್ತೆ ಮರ ಹತ್ತುತ್ತಾನೆ. ಮಹಾ ಶೂರ, ಮಹಾ ನ್ಯಾಯವಂತ, ಬೇಸರದ ಮನುಷ್ಯ. ಕತೆ ಹೇಳುವವನು, ಪೇಚಿಗೆ ಸಿಕ್ಕಿಸುವವನು, ಕೊನೆಗೆ ಕೈಗೆ ಸಿಗದೆ ಹಾರಿ ಹೋಗುವವನು ಬೇತಾಳ. ನಮ್ಮ ಕಟ್ಟೆಯ ಮೇಲೆ ಜಗಳ ಹತ್ತುತ್ತಿದ್ದುದು ರಾಜನ ಉತ್ತರದ ಮೇಲೆ. ಅದು ಸರಿಯಲ್ಲ, ಬೇತಾಳ ಸುಮ್ಮನೆ ಬಿಟ್ಟುಕೊಟ್ಟ ಎಂದು ಪಕ್ಕದ ಮನೆಯವನು ಪ್ರತಿ ತಿಂಗಳೂ ವಾದಿಸುತ್ತಿದ್ದ. ಅವನು ಮುಂದೆ ವಕೀಲನಾದ. ನಾಟಕದ ಹುಚ್ಚೂ ಹಚ್ಚಿಕೊಂಡ.

ಮಿರಜದ ಬ್ರಾಹ್ಮಣಪುರಿಯಲ್ಲಿ ನಮ್ಮ ಓಣಿಯ ಹಿರಿಯರೊಬ್ಬರಿದ್ದರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಎಲ್ಲರೂ ಅಣ್ಣಾ ಎನ್ನುತ್ತಿದ್ದೆವು. ಬಾಲಗಂಧರ್ವರನ್ನು ಕಣ್ಣಾರೆ ಕಂಡವರು ಎಂಬುದು ಅವರ ಹೆಗ್ಗಳಿಕೆ. ಮಿರಜದಲ್ಲಿ ಇದು ಸಣ್ಣ ಮಾತಲ್ಲ. ಬಾಲಗಂಧರ್ವನೆಂದು ಹೆಸರಾದ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹುಡುಗ 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿ ಮೊದಲ ಸಲ ಶಕುಂತಲೆಯಾಗಿ ನಿಂತದ್ದು ಮಿರಜದಲ್ಲಿ. ಕಿವಿಯ ಬೇನೆಗೆ ಔಷಧ ಮಾಡಿಸಲು ಇಲ್ಲಿನ ಮಿಷನ್ ಆಸ್ಪತ್ರೆಗೆ ಬಂದಿದ್ದವನು ಕಂಪನಿಯ ಕಣ್ಣಿಗೆ ಬಿದ್ದ ಎಂದು ಊರು ಹೇಳುತ್ತದೆ. ಆ ಶಾಕುಂತಲ ನಾಟಕವನ್ನು 1880ರಲ್ಲಿ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಸವದತ್ತಿ ಸೀಮೆಯ ಗುರ್ಲಹೊಸೂರಿನವರು. ಕಾಳಿದಾಸನ ಹುಡುಗಿ ಮಲಪ್ರಭೆಯ ದಂಡೆಯವನೊಬ್ಬನ ಕೈಯಲ್ಲಿ ಮರಾಠಿ ಕಲಿತು, ಮಿರಜದಲ್ಲಿ ಬಾಲಗಂಧರ್ವನ ಮೈ ಹೊಕ್ಕಳು ಎಂದರೆ ಅಣ್ಣಾನಿಗೆ ಬಹಳ ಖುಷಿ.

ಆದರೆ ಅವರನ್ನು ಬಾಲಗಂಧರ್ವರ ಬಗ್ಗೆ ಕೇಳಿದರೆ ಮಾತು ಹೊರಳುತ್ತಿದ್ದುದು ತಬಲಾದ ಕಡೆಗೆ. ಗಂಧರ್ವ ಮಂಡಳಿಯಲ್ಲಿ ವರ್ಷಗಟ್ಟಲೆ ಸಾಥಿಗೆ ಕೂತಿದ್ದವರು ಅಹ್ಮದ್‌ಜಾನ್ ಥಿರಕವಾ. ನಾಯಕಿ ಸೆರಗು ಸರಿಪಡಿಸಿಕೊಳ್ಳುವಷ್ಟು ಹೊತ್ತಿನಲ್ಲಿ ಖಾನ್‌ಸಾಹೇಬರ ಬೆರಳು ಏನು ಮಾಡಿತು ಎಂಬುದನ್ನು ಅಣ್ಣಾ ಊಟದ ಪಾಟಿನ ಮೇಲೆ ಬಾರಿಸಿ ತೋರಿಸುತ್ತಿದ್ದರು. ‘ಜನಾ ಎಲ್ಲಾ ಆಕಿ ಸೀರಿ ನೋಡತಿದ್ರು. ನಾನು ಬಾಯಿ ತಕ್ಕೊಂಡು ಕೆಳಗ ನೋಡತಿದ್ದೆ.’ ಸೀರೆಯ ಅಂಚಿನ ಬಣ್ಣ ಯಾವುದಿತ್ತು ಎಂದು ಅವ್ವ ಎಷ್ಟು ಕೇಳಿದರೂ ಅವರಿಂದ ಉತ್ತರ ಹುಟ್ಟಲಿಲ್ಲ. ಅವ್ವನಿಗೆ ಅದರಿಂದ ಬಹಳ ನಿರಾಸೆಯಾಗಿತ್ತು.

ಗೋವಿಂದ ಬಲ್ಲಾಳ ದೇವಲರ ಸಂಗೀತ ಶಾರದಾ ನಾಟಕವೂ ಈ ಸೀಮೆಯದೇ. ದೇವಲರು ಸಾಂಗಲಿಯ ಮಗ್ಗುಲಿಗಿರುವ ಹರಿಪುರದವರು, ಕೃಷ್ಣೆ ವಾರಣೆ ಕೂಡುವ ಊರಿನವರು. 1899ರ ಆ ನಾಟಕದಲ್ಲಿ ಮುದುಕ ವರ ಭುಜಂಗನಾಥ, ದುಡ್ಡಿಗೆ ಮಗಳನ್ನು ಮಾರಹೊರಟ ಅಪ್ಪ ಕಾಂಚನಭಟ್ಟ, ನಡುವೆ ನಿಂತು ಗಂಟು ಹಾಕುವ ದಲಾಲಿ ಭದ್ರೇಶ್ವರ ದೀಕ್ಷಿತ. ಸುಧಾರಕ ತರುಣ ಕೋದಂಡನ ಹೆಸರು ನಮ್ಮ ಓಣಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಭದ್ರೇಶ್ವರ ಮಾತ್ರ ಎಲ್ಲರ ಬಾಯಲ್ಲಿ. ವಧೂವರರ ಕುಂಡಲಿ ಚೀಲದಲ್ಲಿಟ್ಟುಕೊಂಡು ಮನೆಮನೆ ತಿರುಗುವವನು ಯಾರೇ ಬರಲಿ, ‘ಭದ್ರೇಶ್ವರ ಬಂದ್ರು, ಚಾ ಇಡು’ ಎಂದು ಒಳಗೆ ಕೂಗು ಹೋಗುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಎಲ್ಲರ ಬಾಯಲ್ಲೂ ಕರ್ಣನ ಹೆಸರೇ. ಶಿವಾಜಿ ಸಾವಂತರ ಮೃತ್ಯುಂಜಯ 1967ರಲ್ಲಿ ಬಂದದ್ದು. ನಾವು ಓದುವ ಹೊತ್ತಿಗೆ ಸಾಂಗಲಿಯ ಗ್ರಂಥಾಲಯದ ಪ್ರತಿ ಬೆನ್ನು ಹರಿದು ದಾರದಲ್ಲಿ ಹೊಲಿಸಿಕೊಂಡಿತ್ತು. ಕರ್ಣ, ಕುಂತಿ, ದುರ್ಯೋಧನ, ವೃಷಾಲಿ, ಶೋಣ, ಕೃಷ್ಣ ಒಬ್ಬೊಬ್ಬರಾಗಿ ಬಂದು ತಮ್ಮ ಮಾತು ಹೇಳುವ ಕಾದಂಬರಿ. ಹಾಸ್ಟೆಲಿನ ಹುಡುಗರು ಕರ್ಣನ ಮಾತುಗಳನ್ನು ಪುಟಗಟ್ಟಲೆ ಒಪ್ಪಿಸುತ್ತಿದ್ದರು. ಸೋತವನ, ಜಾತಿಯ ಮಾತು ಕೇಳಿಸಿಕೊಂಡವನ, ಕೊಟ್ಟು ಕೊಟ್ಟು ಬರಿದಾದವನ ಕತೆ ಆ ವಯಸ್ಸಿಗೆ ಬೇಗ ತಟ್ಟುತ್ತದೆ. ನನಗೂ ತಟ್ಟಿತು, ಇಲ್ಲವೆನ್ನಲಾರೆ. ಆದರೆ ಪುಸ್ತಕ ಮುಚ್ಚಿದ ಮೇಲೆ ನನ್ನ ಹತ್ತಿರ ಉಳಿದವನು ಶೋಣ. ಚಂಪಾನಗರಿಯಿಂದ ಅಣ್ಣ ಹಸ್ತಿನಾಪುರಕ್ಕೆ ಹೊರಟಾಗ ರಥದ ಹಿಂದೆ ಓಡುವ ಪುಟ್ಟ ತಮ್ಮ. ವ್ಯಾಸರಿಗೆ ಬೇಕಾಗದ ಹುಡುಗನನ್ನು ಸಾವಂತರು ಕತೆಯೊಳಗೆ ಕರೆತಂದು ಒಂದು ಭಾಗವನ್ನೇ ಅವನ ಬಾಯಿಗೆ ಕೊಟ್ಟರು. ಅಣ್ಣ ಸೂರ್ಯನ ಮಗನಾದರೆ ತಾನು ಏನಾಗುತ್ತೇನೆ ಎಂಬುದು ತಮ್ಮನಿಗೆ ಮಾತ್ರ ಹುಟ್ಟಬಹುದಾದ ಸಂಕಟ.

ಕಾಕಾನಿಗೆ ಈ ಕರ್ಣ ಸೇರಲಿಲ್ಲ. ಅವನು ವಿಲಿಂಗ್ಡನ್ ಕಾಲೇಜಿನಲ್ಲಿ ಓದಿದವನು. 1919ರಲ್ಲಿ ಶುರುವಾದ, ಸಾಂಗಲಿಗೂ ಮಿರಜಕ್ಕೂ ನಡುವೆ ಇರುವ ಆ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ಬಹುಕಾಲ ಕನ್ನಡ ಕಲಿಸಿದರು. ವಿ.ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ಕೃಷ್ಣೆಯ ಆಚೆ ಮರಾಠಿ, ಈಚೆ ಮರಾಠಿ, ನಡುವೆ ಒಂದು ಕೋಣೆಯಲ್ಲಿ ಪಂಪ. ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕು ಎಂಬ ಅರ್ಥದ ಮಾತನ್ನು ಪಂಪ ಸಾವಿರ ವರ್ಷದ ಹಿಂದೆಯೇ ಹೇಳಿ ಮುಗಿಸಿದ್ದಾನೆ, ಇನ್ನು ಅವನ ಮೇಲೆ ಇಷ್ಟು ದಪ್ಪ ಪುಸ್ತಕ ಯಾಕೆ ಎಂಬುದು ಕಾಕಾನ ತಕರಾರು. ಭೈರಪ್ಪನವರ ಪರ್ವ 1979ರಲ್ಲಿ ಬಂದಾಗ ಅದು ಇನ್ನೂ ದಪ್ಪವಿತ್ತು. ಕಾಕಾ ಆಗ ಸುಮ್ಮನಾದ.

ಪರ್ವ ಶುರುವಾಗುವುದೇ ಮದ್ರದೇಶದ ಮುದುಕ ಶಲ್ಯನಿಂದ. ಮನೆಯಲ್ಲಿ ಮದುವೆಗೆ ಬಂದ ಮೊಮ್ಮಗಳು, ಕನ್ಯಾಶುಲ್ಕದ ತಕರಾರು, ಎತ್ತ ಸೇರಬೇಕೆಂದು ತಿಳಿಯದ ಯುದ್ಧ. ದೇವರಿಲ್ಲ, ಪವಾಡವಿಲ್ಲ, ವರವಿಲ್ಲ. ನಾಯಕರೆಲ್ಲ ಇನ್ನೂ ದೂರದಲ್ಲಿ ಇರುವಾಗ ಒಬ್ಬ ಅಡ್ಡಪಾತ್ರದವನ ಅಂಗಳದಲ್ಲಿ ನಮ್ಮನ್ನು ಕೂರಿಸಿದ್ದು ಭೈರಪ್ಪನವರ ಜಾಣತನ. ಕೊನೆಗೆ ಇದೇ ಶಲ್ಯ ಕರ್ಣನ ಸಾರಥಿ. ಮರಾಠಿಯ ಕರ್ಣನ ರಥದ ಹಿಂದೆ ಶೋಣ ಓಡುತ್ತಾನೆ, ಕನ್ನಡದ ಪುಸ್ತಕದಲ್ಲಿ ರಥದ ಮುಂದೆ ಶಲ್ಯ ಗೊಣಗುತ್ತಾ ಕೂತಿದ್ದಾನೆ. ಒಬ್ಬನಿಗೆ ಅಣ್ಣ ದೇವರು, ಇನ್ನೊಬ್ಬನಿಗೆ ಸೂತಪುತ್ರ. ಈ ಇಬ್ಬರನ್ನೂ ಒಂದೇ ವಾರ ಓದಿದ ಮೇಲೆ ನಡುವೆ ನಿಂತ ಕರ್ಣ ನನಗೆ ಮೊದಲ ಸಲ ಮನುಷ್ಯನಾಗಿ ಕಂಡ. ಮುಂದೆ ಉಮಾ ಕುಲಕರ್ಣಿಯವರು ಪರ್ವವನ್ನು ಮರಾಠಿಗೆ ತಂದರು. ಸಾಂಗಲಿಯಲ್ಲಿ ಭೈರಪ್ಪನವರನ್ನು ಮರಾಠಿ ಲೇಖಕರೆಂದೇ ತಿಳಿದವರನ್ನು ನಾನು ಕಂಡಿದ್ದೇನೆ. ತಿದ್ದಲು ಹೋಗಿಲ್ಲ.

ಸಾಂಗಲಿ ಜಿಲ್ಲೆಯೇ ಹೆತ್ತ ಪಾತ್ರಗಳು ಬೇರೆ. ವಾಳವಾ ತಾಲ್ಲೂಕಿನ ವಾಟೇಗಾವದ ಅಣ್ಣಾಭಾವು ಸಾಠೆಯವರ ಫಕೀರಾ, ಆಟಪಾಡಿ ಸೀಮೆಯ ವ್ಯಂಕಟೇಶ ಮಾಡಗೂಳಕರರ ಬನಗರವಾಡಿಯ ಎಳೆಯ ಮಾಸ್ತರ. ಬರಗಾಲದಲ್ಲಿ ತನ್ನವರ ಹೊಟ್ಟೆಗಾಗಿ ಕೊಳ್ಳೆ ಹೊಡೆಯುವ ಫಕೀರಾನ ಮುಂದೆ ಪಕ್ಕದವರು ಯಾರೂ ನಿಲ್ಲುವುದಿಲ್ಲ, ಅವನು ಪುಸ್ತಕದ ತುಂಬ ಹಬ್ಬಿಕೊಂಡವನು. ನನ್ನ ವಾದಕ್ಕೆ ಅವನು ಒಗ್ಗುವುದಿಲ್ಲ, ಬಿಟ್ಟುಬಿಡುತ್ತೇನೆ. ಬನಗರವಾಡಿಯ ಮಾಸ್ತರ ಒಗ್ಗುತ್ತಾನೆ. ಅವನೇ ಕತೆ ಹೇಳುವವನು, ಆದರೆ ಕತೆ ಅವನದಲ್ಲ, ಕುರುಬರದು. ಮಳೆ ಕೈಕೊಟ್ಟು ಊರೇ ಬಿಟ್ಟು ಹೋದಾಗ ಮಾಸ್ತರನಿಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ.

ಇನ್ನೊಬ್ಬ ಮಾಸ್ತರನನ್ನು ಕಂಡದ್ದು ಪರದೆಯ ಮೇಲೆ. ಜಬ್ಬಾರ ಪಟೇಲರ ಸಾಮನಾ, ವಿಜಯ ತೆಂಡೂಲಕರರ ಚಿತ್ರಕತೆ. 1975ರ ಸುಮಾರಿಗೆ ನಮ್ಮ ಕಡೆ ಬಂತು. ಕೃಷ್ಣೆಯ ದಂಡೆಯಲ್ಲಿ ಕಬ್ಬು ಬೆಳೆಯುತ್ತಿದ್ದ ಮಾವ ಮಿರಜದ ಪೇಟೆಗೆ ಬಂದವನು ನನ್ನನ್ನು ಸಾಂಗಲಿಗೆ ಕರೆದುಕೊಂಡು ಹೋದ. ಸಕ್ಕರೆ ಕಾರಖಾನೆ, ಸಹಕಾರಿ ಸಂಘ, ಎಲ್ಲವನ್ನೂ ಅಂಗೈಯಲ್ಲಿಟ್ಟುಕೊಂಡ ಹಿಂದುರಾವ ಧೋಂಡೆ ಪಾಟೀಲನಾಗಿ ನಿಳೂ ಫುಲೆ. ಎಲ್ಲಿಂದಲೋ ಬಂದು ಬಿದ್ದ ಕುಡುಕ ಮಾಸ್ತರನಾಗಿ ಶ್ರೀರಾಮ ಲಾಗೂ. ಹಿಂದುರಾವ ಮಾಸ್ತರನಿಗೆ ಆಸರೆ ಕೊಡುತ್ತಾನೆ, ಉಣ್ಣಿಸುತ್ತಾನೆ, ಉಪಚರಿಸುತ್ತಾನೆ. ಮಾಸ್ತರ ಉಪಕಾರ ತೀರಿಸುವುದು ಒಂದೇ ಪ್ರಶ್ನೆಯನ್ನು ಕೇಳುತ್ತ ಕೇಳುತ್ತ: ಮಾರುತಿ ಕಾಂಬಳೆ ಎಂಬ ಮನುಷ್ಯ ಏನಾದ?

ಇಬ್ಬರು ಮಹಾನಟರು ಎದುರುಬದುರು ಕೂತು ಇಡೀ ಸಿನಿಮಾ ನುಂಗಿ ಹಾಕಿದ್ದಾರೆ. ನನಗೆ ಮರೆಯಲಾಗದ್ದು ಆ ಕಣ್ಣೆದುರಿಲ್ಲದ ಮಾರುತಿ ಕಾಂಬಳೆ. ಊರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹೆಸರು ಮಾತ್ರ ಓಡಾಡುತ್ತದೆ. ಥಿಯೇಟರಿನಲ್ಲಿ ಮೊದಮೊದಲು ಸಿಳ್ಳೆ ಹೊಡೆಯುತ್ತಿದ್ದ ಜನ ಆ ಪ್ರಶ್ನೆ ಎರಡು ಮೂರು ಸಲ ಬಂದ ಮೇಲೆ ತಣ್ಣಗಾದರು. ಮಾವ ಮಧ್ಯಂತರದಲ್ಲಿ ಶೇಂಗಾ ತಂದುಕೊಟ್ಟ, ತಾನು ತಿನ್ನಲಿಲ್ಲ. ವಾಪಸ್ಸು ಬರುವಾಗ ಸಿಟಿ ಬಸ್ಸಿನಲ್ಲಿ ಒಬ್ಬರು ಇನ್ನೊಬ್ಬರಿಗೆ, ನಿಮ್ಮೂರಿನ ಹಿಂದುರಾವ ಯಾರು ಎಂದು ನಗೆಯಾಡಿದರು. ನಿಮ್ಮೂರಿನ ಮಾರುತಿ ಕಾಂಬಳೆ ಯಾರು ಎಂದು ಯಾರೂ ಕೇಳಲಿಲ್ಲ. ವಿಶ್ರಾಮಬಾಗ ದಾಟಿದ ಮೇಲೆ ಮಾವ, ‘ನೀ ಇದನ್ನೆಲ್ಲಾ ಊರಾಗ ಬಂದು ಮಾತಾಡಬ್ಯಾಡ’ ಎಂದ. ಆಮೇಲೆ ಆ ಪ್ರಶ್ನೆ ಮಹಾರಾಷ್ಟ್ರದಲ್ಲಿ ಗಾದೆಯೇ ಆಯಿತು, ಮುಚ್ಚಿ ಹಾಕಿದ ಪ್ರಕರಣ ಬಂದಾಗಲೆಲ್ಲ ಯಾರಾದರೊಬ್ಬರು ಅದನ್ನು ಹೊರತೆಗೆಯುತ್ತಾರೆ. ನಗೆಯಲ್ಲಿ ಹೇಳಿ ನಗೆಯಲ್ಲೇ ಬಿಡುತ್ತಾರೆ. ಚಿತ್ರದಲ್ಲಿ ಹೆಸರು ಕೇಳಿದರೇ ಜನ ತಲೆ ತಗ್ಗಿಸುತ್ತಿದ್ದರು, ಹೊರಗೆ ಅದು ಚಟಾಕಿಯಾಯಿತು. ಇದು ನನಗೆ ಸರಿಕಾಣುವುದಿಲ್ಲ.

ನಗುವಿನ ಮಾತು ಬಂತು. ಪು.ಲ. ದೇಶಪಾಂಡೆಯವರ ರಾವಸಾಹೇಬ ಕ್ಯಾಸೆಟ್ಟಿನಲ್ಲಿ ನಮ್ಮ ಮನೆಗೆ ಬಂದವರು. ಪು.ಲ. ಕೆಲಕಾಲ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಅಲ್ಲಿ ಗಂಟುಬಿದ್ದ ಗೆಳೆಯರೊಬ್ಬರ ವ್ಯಕ್ತಿಚಿತ್ರ ಅದು. ಬೆಳಗಾವಿಯ ಕನ್ನಡದ ಒಗ್ಗರಣೆ ಬಿದ್ದ ಮರಾಠಿ, ಬಾಯಿ ತೆರೆದರೆ ಬೈಗುಳ, ಬೈಗುಳದ ತುಂಬ ಪ್ರೀತಿ. ಪುಣೆಯ ಸಭೆ ನಗುವುದು ಆ ಮಾತಿನ ವಕ್ರಕ್ಕೆ. ನಾವು ನಕ್ಕದ್ದು ಬೇರೆ ಕಾರಣಕ್ಕೆ: ಅವ್ವ ಭಾಜಿ ಮಾರುವವಳ ಜೊತೆ ಆಡುತ್ತಿದ್ದ ಮರಾಠಿ ಅದೇ. ಗಂಡು ಹೆಣ್ಣು ನಪುಂಸಕದ ಲೆಕ್ಕ ತಪ್ಪಿ, ಕ್ರಿಯಾಪದಕ್ಕೊಂದು ‘ರಿ’ ಜೋಡಿಸಿಕೊಂಡ ಮಾತು. ಕ್ಯಾಸೆಟ್ ಕೇಳಿ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ‘ಇವರೇನು ನಮ್ಮ ಅಥಣಿ ಕಡೆಯವರೇನು?’ ಎಂದು ಕೇಳಿದಳು. ಮರಾಠಿ ನಾಟಕ ಸಿನಿಮಾಗಳಲ್ಲಿ ಕನ್ನಡದವನು ಬಂದರೆ ಉಡುಪಿ ಹೋಟೆಲಿನ ಅಣ್ಣನಾಗಿ ಎರಡು ಮಾತಾಡಿ, ನಗಿಸಿ ಹೋಗುವುದು ವಾಡಿಕೆ. ರಾವಸಾಹೇಬರು ಹಾಗೆ ಹೋಗುವವರಲ್ಲ. ಅವರು ಕುರ್ಚಿ ಎಳೆದುಕೊಂಡು ಕೂಡುತ್ತಾರೆ. ಕೊನೆಗೆ ಅಳಿಸುತ್ತಾರೆ.

ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಬಂದಾಗ ನಾನು ಆಗಲೇ ಸಂಬಳಕ್ಕೆ ಸೇರಿದ್ದೆ. ಹಿಂದಿ ಮಾತಾಡುವ ಮಾಲ್ಗುಡಿ, ಆದರೆ ಮುಖಗಳೆಲ್ಲ ನಮ್ಮವು. ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ, ಅವ್ವ ವೈಶಾಲಿ ಕಾಸರವಳ್ಳಿ, ಊರು ಆಗುಂಬೆ, ನಿರ್ದೇಶನ ಶಂಕರನಾಗ್. ಓಣಿಯವರಿಗೆಲ್ಲ ಇವರು ನಮ್ಮವರು, ಇವರು ನಮ್ಮವರು ಎಂದು ತೋರಿಸುವುದೇ ಅವ್ವನ ಕೆಲಸವಾಯಿತು. ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಯಾರು ತಾನೆ ಮೆಚ್ಚಲಿಲ್ಲ. ಆದರೆ ನಾನು ಅದರ ಮೂಲ ಓದಲು ಹೋಗಿ ಮಣಿಯ ಕೈಗೆ ಸಿಕ್ಕಿಬಿದ್ದೆ. ಆರ್.ಕೆ. ನಾರಾಯಣರು 1935ರಲ್ಲಿ ಬರೆದ ಸ್ವಾಮಿ ಅಂಡ್ ಫ್ರೆಂಡ್ಸ್ ಮುಗಿಯುವುದು ರೈಲ್ವೆ ಸ್ಟೇಷನ್ನಿನಲ್ಲಿ. ಮುನಿಸಿಕೊಂಡ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿ ಅವನಿಗೆ ಕೊಡಲೆಂದು ಆಂಡರ್ಸನ್ನನ ಕತೆಗಳ ಪುಸ್ತಕ ತಂದಿದ್ದಾನೆ. ಗಾಡಿ ಹೊರಟಾಗ ಆ ಪುಸ್ತಕವನ್ನು ಕಿಟಕಿಯವರೆಗೆ ಮುಟ್ಟಿಸುವವನು ಮಣಿ, ಕೈಯಲ್ಲಿ ದೊಣ್ಣೆ ಹಿಡಿದು ಎಲ್ಲರನ್ನೂ ಹೆದರಿಸಿಕೊಂಡಿದ್ದ ದಡ್ಡ ಮಣಿ. ರಾಜಂ ನನ್ನನ್ನು ನೆನೆಯುತ್ತಾನೆಯೇ ಎಂದು ಸ್ವಾಮಿ ಕೇಳುತ್ತಾನೆ. ಹೌದು, ನಿನ್ನ ವಿಳಾಸವನ್ನೂ ಕೇಳಿಕೊಂಡಿದ್ದಾನೆ ಎನ್ನುತ್ತಾನೆ ಮಣಿ. ಅದು ನಿಜವೋ ಸುಳ್ಳೋ ಸ್ವಾಮಿಗೆ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ.

ಗೆಳೆತನದಲ್ಲಿ ಹೇಳುವ ಸುಳ್ಳಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ ಎಂದು ನಾನು ಹೇಳಿದರೆ ನನ್ನ ಮಕ್ಕಳು ನಗುತ್ತಾರೆ. ಸ್ಟೇಷನ್ನಿನ ಅಂಥ ಗಳಿಗೆಗಳು ಅವರಿಗೆ ಗೊತ್ತಿಲ್ಲ: ಗೇಜ್ ಬದಲಾಗಿ ಈಗ ಮಿರಜದಲ್ಲಿ ಯಾರೂ ಗಾಡಿ ಬದಲಿಸಬೇಕಿಲ್ಲ. ಹಗಲುಗನಸಿಗೆ ಅಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಕೂರುವವರೂ ಇಲ್ಲ.

ಮೊನ್ನೆ ಮೊನ್ನೆಯ ಸಂಗತಿಗೆ ಬರುತ್ತೇನೆ. ಸಾಂಗಲಿಯನ್ನು ನಾಟ್ಯಪಂಢರಿ ಎನ್ನುತ್ತಾರೆ. ವಿಷ್ಣುದಾಸ ಭಾವೆ 1843ರ ನವೆಂಬರ್ 5ರಂದು ಇಲ್ಲಿ ಸೀತಾಸ್ವಯಂವರ ಆಡಿದರು, ಅಲ್ಲಿಂದ ಮರಾಠಿ ರಂಗಭೂಮಿಯ ಲೆಕ್ಕ ಶುರು. ಆ ದಿನವೇ ಈಗ ಮರಾಠಿ ರಂಗಭೂಮಿ ದಿನ. ಪ್ರತಿ ವರ್ಷ ಇಲ್ಲಿ ಭಾವೆಯವರ ಹೆಸರಿನ ಪದಕ ಕೊಡುತ್ತಾರೆ, ಭಾಷಣ ಆಗುತ್ತವೆ. ಭಾಷಣದಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: 1842ರಲ್ಲಿ ಕರ್ನಾಟಕದಿಂದ ಭಾಗವತರ ಮಂಡಳಿಯೊಂದು ಬಂದಿತ್ತು, ಅವರ ಆಟ ನೋಡಿದ ರಾಜ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರು ಇಂಥದ್ದು ಮರಾಠಿಯಲ್ಲಿ ಆಗಬೇಕೆಂದು ಭಾವೆಯವರಿಗೆ ಅಪ್ಪಣೆ ಕೊಡಿಸಿದರು. ಅಷ್ಟೇ. ಮುಂದಿನ ವಾಕ್ಯದಿಂದ ಭಾವೆ.

ಆ ಮಂಡಳಿ ಹೊನ್ನಾವರದ ಹತ್ತಿರದ ಕರ್ಕಿಯದು. ಯಕ್ಷಗಾನ ಬಲ್ಲವರಿಗೆ ಕರ್ಕಿಯ ಹಾಸ್ಯಗಾರರ ಮನೆತನ ಹೊಸದಲ್ಲ. ಘಟ್ಟದ ಕೆಳಗಿನಿಂದ ಚಂಡೆ ಮದ್ದಳೆ, ವೇಷದ ಪೆಟ್ಟಿಗೆ ಹೊತ್ತು ರೈಲಿಲ್ಲದ ಕಾಲದಲ್ಲಿ ಇಷ್ಟು ದೂರ ಬಂದ ಜನ. ಭಾವೆಯವರ ಆಟದಲ್ಲೂ ಸೂತ್ರಧಾರ ನಿಂತು ಹಾಡುತ್ತಾನೆ, ಪಾತ್ರಧಾರಿಗಳು ಕುಣಿದು ತಮಗೆ ತೋಚಿದ ಮಾತು ಆಡುತ್ತಾರೆ, ವಿದೂಷಕ ನಡುವೆ ನುಗ್ಗುತ್ತಾನೆ, ರಾಕ್ಷಸರು ಆರ್ಭಟಿಸುತ್ತ ಕತ್ತಿ ತಿರುವುತ್ತ ಬರುತ್ತಾರೆ. ಮುಂದಿನ ತಲೆಮಾರಿನ ಸುಶಿಕ್ಷಿತರು ಇವನ್ನು ‘ಅಲಲಲಡುರ್ರ’ ನಾಟಕ ಎಂದು ಹಂಗಿಸಿದರು, ರಾಕ್ಷಸನ ಆ ಕೂಗನ್ನೇ ಹಿಡಿದು. ಬಣ್ಣದ ವೇಷದ ಒಡ್ಡೋಲಗ ನೋಡಿದ ಕನ್ನಡಿಗನಿಗೆ ಆ ಕೂಗು ಎಲ್ಲಿಯದೆಂದು ಗುರುತು ಹತ್ತದೆ ಇರದು. ಭಾವೆ ದೊಡ್ಡವರು, ಅದರಲ್ಲಿ ಮಾತಿಲ್ಲ. ಗೊಂಬೆ ಕೆತ್ತುವ ಕೈ, ಪದ ಕಟ್ಟುವ ಬಾಯಿ ಎರಡೂ ಇದ್ದವರು. 1851ರಲ್ಲಿ ರಾಜ ತೀರಿಕೊಂಡು ಆಸರೆ ತಪ್ಪಿದ ಮೇಲೂ ಮಂಡಳಿ ಕಟ್ಟಿಕೊಂಡು ಊರೂರು ತಿರುಗಿದವರು. ಅವರ ದೊಡ್ಡಸ್ತಿಕೆಗೆ ಕರ್ಕಿಯವರಿಗೆ ಇನ್ನೊಂದೆರಡು ವಾಕ್ಯ ಕೊಟ್ಟರೆ ಏನೂ ಕಡಿಮೆ ಬೀಳುವುದಿಲ್ಲ.

ಚಾಂದೋಬಾ ಓದುತ್ತಿದ್ದ ಆ ಪಕ್ಕದ ಮನೆಯ ಗೆಳೆಯ ಈಗ ಹವ್ಯಾಸಿ ತಂಡ ಕಟ್ಟಿಕೊಂಡಿದ್ದಾನೆ. ಭಾವೆಯವರ ಮೇಲೆ ನಾಟಕ ಬರೆದು ರಾಜ್ಯ ನಾಟ್ಯ ಸ್ಪರ್ಧೆಗೆ ಹಾಕುವ ಉಮೇದು. ಮೊದಲ ದೃಶ್ಯದಲ್ಲಿ ಕರ್ಕಿಯವರು ಬರುತ್ತಾರೆ, ಅವರಿಗೆ ಒಂದು ಕನ್ನಡ ಮಾತು ಬರೆದುಕೊಡು ಎಂದ. ನಾನು ಮೂರು ಪುಟ ಬರೆದುಕೊಟ್ಟೆ. ಹೊನ್ನಾವರದ ಕಡೆಯ ಹಳೆಯ ಸಹೋದ್ಯೋಗಿಗೆ ಫೋನು ಹಚ್ಚಿ, ನನ್ನ ಮಿರಜದ ‘ಹೌದ್ರಿ’ಗಳನ್ನೆಲ್ಲ ತೆಗೆಸಿ, ಅವರ ಸೀಮೆಯ ಮಾತು ಕೂಡಿಸಿಕೊಂಡೆ. ಗೆಳೆಯ ಓದಿ ಎರಡೂ ಮುಕ್ಕಾಲು ಪುಟ ಹೊಡೆದು ಹಾಕಿದ. ‘ಇವರು ಕುಣಿದು ಹೋಗಬೇಕು, ಅಷ್ಟೇ. ಇಷ್ಟು ಮಾತಾಡಿದರೆ ನನ್ನ ಭಾವೆ ಯಾವಾಗ ಬರಬೇಕು?’

ವಾದ ಜೋರಾಯಿತು. ಬೇತಾಳನ ಕಾಲದಿಂದ ನಡೆದು ಬಂದ ವಾದ, ಅಭ್ಯಾಸ ತಪ್ಪಿರಲಿಲ್ಲ. ರಾಜ ಹೊಗಳುತ್ತಾನೆ, ಭಾವೆಗೆ ಅಪ್ಪಣೆಯಾಗುತ್ತದೆ, ಆಗ ಕರ್ಕಿಯ ಭಾಗವತ ಅಲ್ಲೇ ನಿಂತಿದ್ದಾನಲ್ಲ, ಅವನೇನು ಮಾಡುತ್ತಾನೆ ಎಂದು ಕೇಳಿದೆ. ಗೆಳೆಯ ಯೋಚಿಸಿರಲಿಲ್ಲ. ಅವನು ವೀಳ್ಯ ಕೇಳುತ್ತಾನೆ, ಆಡಿದ ಆಟದ ದುಡ್ಡು ಕೇಳುತ್ತಾನೆ, ಮೇಳ ನಡೆಸುವವನು ಇನ್ನೇನು ಮಾಡುತ್ತಾನೆ ಎಂದೆ. ನಿಮ್ಮ ಹೊಸ ನಾಟಕದ ಮಾತು ಆಮೇಲೆ ಆಗಲಿ, ಹನ್ನೆರಡು ಜನ ಹೊಟ್ಟೆ ಹಸಿದು ಕೂತಿದ್ದಾರೆ, ಘಟ್ಟ ಇಳಿಯಬೇಕು ಎಂದು ದರಬಾರಿನ ನಡುವೆ ಗಟ್ಟಿಯಾಗಿ ಹೇಳುತ್ತಾನೆ. ತಾಲೀಮಿನಲ್ಲಿ ಅದನ್ನು ಓದಿದಾಗ ಒಂದಕ್ಷರ ಕನ್ನಡ ಬಾರದ ಹುಡುಗರು ಮೊದಲು ನಕ್ಕರು. ರಾಜನ ಪಾರ್ಟಿನವನು ತಾನಾಗಿ ಸೊಂಟದ ಚೀಲಕ್ಕೆ ಕೈ ಹಾಕಿದ, ಚೀಲ ಇರಲಿಲ್ಲ, ಮತ್ತೊಮ್ಮೆ ನಗು. ಆ ಮಾತು ಉಳಿಯಿತು. ಮರಾಠಿಯಲ್ಲಿ ಹೇಳಿಸೋಣವೇ ಎಂದು ನಾನೇ ಕೇಳಿದೆ, ಪ್ರೇಕ್ಷಕರಿಗೆ ತಿಳಿಯಬೇಕಲ್ಲ. ‘ಬೇಡ, ಕನ್ನಡದಲ್ಲೇ ಇರಲಿ’ ಎಂದ ಗೆಳೆಯ. ‘ಸಾಂಗಲಿ ಅರಿಶಿನದ ಪೇಟೆ. ದುಡ್ಡು ಬಾಕಿ ಇದೆ ಅಂತ ಯಾವ ಭಾಷೆಯಲ್ಲಿ ಹೇಳಿದರೂ ಇಲ್ಲಿನವರಿಗೆ ತಿಳಿಯುತ್ತದೆ.’

ಭಾಗವತನ ಪಾರ್ಟಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಎದೆ ತುಂಬ ಹಾಡುವ, ಆಮೇಲೆ ಗಟ್ಟಿಯಾಗಿ ದುಡ್ಡು ಕೇಳುವ, ಕನ್ನಡ ಬರುವ ಮನುಷ್ಯ ಬೇಕಾಗಿದ್ದಾನೆ. ತಾಲೀಮು ಸಂಜೆ ಏಳಕ್ಕೆ, ಚಹಾ ಉಂಟು, ವೀಳ್ಯ ಇಲ್ಲ.